ಪರ್ಯಾಯ ಪಾರಿತೋಷಕ

ರಸೀದಿ ಇನ್ನೂ ನನ್ನ ಹತ್ತಿರವೇ ಇದೆ:
‘ಬೆಳ್ಳಿ ಲೇಪದ ಕಪ್ ಒಂದು, ಮರದ ಪೀಠ ಸಹಿತ.
ಮುಂದಿನ ಲೀಗಿಗೆ ಹದಿನೈದು ದಿನ ಮೊದಲು
ಉಜ್ಜಿ, ಹೊಳಪು ಮಾಡಿ, ಮರಳಿಸತಕ್ಕದ್ದು.’
ಕೆಳಗೆ ನನ್ನ ಸಹಿ,
ವಿರಾಜಪೇಟೆ ಹೆಜ್ಜೇನು ತಂಡದ ಪರವಾಗಿ.
ಅಂಕ ಬರೆಯುವವನು ನಾನು, ಪಗಾರ ಹಂಚುವವನೂ ನಾನೇ,
ಹಂಚಲು ಇದ್ದಾಗ.

ಮೊದಲ ವರ್ಷ ಎಂಟು ತಂಡ. ಆಮೇಲೆ ಆರು.
ಆ ವರ್ಷ ನಾಲ್ಕೇ.
ಸುಂಟಿಕೊಪ್ಪದವರು ನಡುವೆ ಬಸ್ಸು ಮಾರಿ
ಒಂದೇ ಜೀಪಿನಲ್ಲಿ ಹನ್ನೊಂದು ಜನ ಬರುತ್ತಿದ್ದರು,
ಇಳಿದ ಮೇಲೆ ಕಾಲು ನೆಟ್ಟಗಾಗಲು ಅರ್ಧ ಗಂಟೆ.
ನಮ್ಮ ಹಂಸನಿಗೆ ಎರಡು ತಿಂಗಳ ಸಂಬಳವೆಂದು
ನಾನು ಕೊಟ್ಟದ್ದು ಒಂದು ಮೂಟೆ ಕರಿಮೆಣಸಿನ ಚೀಟಿ,
ಸಾಹುಕಾರರು ಹಣದ ಬದಲು ಬರೆದದ್ದು.
ಅವನು ಅದನ್ನು ಮೂಸಿ ನೋಡಿ
‘ಘಾಟೇ ಇಲ್ಲವಲ್ಲ ಮಾರಾಯ’ ಅಂದ.

ಅಭ್ಯಾಸ ಬಿಟ್ಟಂಗಾಲದ ಕಾಫಿ ಕಣದಲ್ಲಿ.
ನಸುಕಿಗೇ ಹೋಗಿ, ಟಾರ್ಪಾಲು ಹೊದ್ದ ರಾಶಿಗಳನ್ನು
ಬದಿಗೆ ದೂಡಿ, ಗುಡಿಸಿ,
ಗುಡಿಸಿದರೂ ಉಳಿಯುವ ಕಾಳುಗಳ ಮೇಲೆ ಆಟ.
ಒಂದು ಕಾಳು ಸಾಕು ಮೊಣಕಾಲು ತಿರುಚಲು.
‘ಕಣ್ಣು ಬುಟ್ಟಿಯಲ್ಲಿರಲಿ’ ದೇಚಮ್ಮ ಟೀಚರ್ ಕೂಗುವರು,
‘ಪಾದಕ್ಕೆ ಬೇರೆ ಕಣ್ಣು ಬೆಳೆಸಿಕೊಳ್ಳಿ!’
ಬೆಳೆಸಿಕೊಂಡರು. ಪಾದವನ್ನು ಎತ್ತಿ, ಎತ್ತಿ ಇಡುವ ನಡಿಗೆ.
ಕೋಳಿ ತಂಡ ಬಂತು ಎಂದು ಎಲ್ಲ ಊರಲ್ಲೂ ನಕ್ಕರು.
ಹನ್ನೆರಡರಲ್ಲಿ ಹನ್ನೊಂದು ಗೆದ್ದೆವು.

ಫೈನಲಿನ ಹಿಂದಿನ ಗುರುವಾರ ಪತ್ರ:
‘ಅನಿವಾರ್ಯ ಕಾರಣಗಳಿಂದ ಮುಂದಿನ ವರ್ಷದಿಂದ...’
ಅಂಕದ ಪುಸ್ತಕದ ಹಿಂಬದಿಗೆ ಸಿಕ್ಕಿಸಿಟ್ಟೆ.
ಪೆನ್ಸಿಲು ಹುಡುಕುತ್ತ ಬಂದ ನಾಯಕ ಪಳಂಗಪ್ಪ
ಅದನ್ನು ಓದಿದ, ಮಡಿಕೆ ತಪ್ಪದಂತೆ ಮತ್ತೆ ಮಡಚಿದ,
ಕತ್ತಲಾಗುವವರೆಗೆ ಫ್ರೀ ಥ್ರೋ ಹೊಡೆದ, ಒಬ್ಬನೇ.
ಎಷ್ಟು ಬಿದ್ದವು ಎಂದು ನಾನು ಬರೆದುಕೊಳ್ಳಲಿಲ್ಲ.
ಅದೊಂದೇ ದಿನ.

ಮಾರ್ಚ್. ನೂರ ಹತ್ತು ದಿನದಿಂದ ಹನಿಯಿಲ್ಲ,
ಗಿಡದಲ್ಲಿ ಮೊಗ್ಗು ಬಿಗಿದು ಕೂತಿತ್ತು.
ಫೈನಲಿಗೆ ಬಂದ ಬೆಳೆಗಾರರು
ಚೆಂಡಿಗಿಂತ ಹೆಚ್ಚು ನೋಡಿದ್ದು ಹೂಪಿನ ಮೇಲಿನ ಮೋಡವನ್ನು.
ಅರುವತ್ತೊಂದು, ಅರುವತ್ತೊಂದು. ಉಳಿದದ್ದು ನಲವತ್ತು ಸೆಕೆಂಡು.
ಮೊದಲ ಹನಿ ಬಿದ್ದದ್ದು ನನ್ನ ಹಾಳೆಯ ಮೇಲೆ.
‘ಹೂಮಳೆ!’
ಮೂರು ಸಾವಿರ ಜನ ಎದ್ದು ನಿಂತು ಕೂಗಿದರು.
ಐದು ವರ್ಷದಲ್ಲಿ ಯಾವ ಬುಟ್ಟಿಗೂ ಅಂಥ ಕೂಗು ಸಿಕ್ಕಿರಲಿಲ್ಲ.

ಅವರಿಗೆ ಇನ್ನೂ ಒಂದಿಂಚು ಬೇಕಿತ್ತು,
ನಮಗೆ ನಲವತ್ತು ಸೆಕೆಂಡು.
ಮಳೆ ಇಬ್ಬರ ಮಾತನ್ನೂ ಅರ್ಧರ್ಧ ಕೇಳಿ ನಿಂತಿತು.
ಜೀಪುಗಳಿಂದ ಗೋಣಿಚೀಲ ಬಂದವು.
ಸೋಮವಾರಪೇಟೆಯ ಹುಡುಗರೂ ಮಂಡಿಯೂರಿ
ನಮ್ಮ ಅರ್ಧವನ್ನೂ ಒರೆಸಿದರು.
ಯಾರೋ ಹಿಂದಿನಿಂದ ‘ನಲವತ್ತು ಸೆಂಟು, ಸಾಲದು, ಸಾಲದು’
ಎನ್ನುತ್ತಲೇ ಇದ್ದರು.

ಆಮೇಲೆ ಎಲ್ಲರೂ ಜಾರಿದರು,
ಕೋಳಿಗಳನ್ನು ಬಿಟ್ಟು.
ಹಂಸ ಎತ್ತೆತ್ತಿ ಇಟ್ಟ ಪಾದ ನೆನಪಿದೆ,
ಒದ್ದೆ ಚೆಂಡಿನ ಭಾರ, ಲೈನ್ ಮನೆಯ ಸೆಲ್ವಂ ಕೈಗೆ ಅದು ಬಂದದ್ದು,
ಅವನ ಬಾಯಿ ತೆರೆದೇ ಇದ್ದದ್ದು.
ಬಜರಿಗೆ ಕರೆಂಟಿರಲಿಲ್ಲ.
ಆಟ ಮುಗಿಯಿತೆಂದು ನಾನೇ ಸಾರಿದೆ,
ಟಿಫಿನ್ ಡಬ್ಬಿ ಬಡಿದು.
ಮುಗಿದದ್ದು ಆಟ ಮಾತ್ರವಲ್ಲ ಎಂದು ತಿಳಿದಿದ್ದವರು
ನಾನು, ಪಳಂಗಪ್ಪ; ಅವನು ನನ್ನ ಕಡೆ ನೋಡಲಿಲ್ಲ.

ಒಂಬತ್ತನೇ ದಿನ ತೋಟಗಳು ಬೆಳ್ಳಗಾದವು, ಅಲ್ಲಲ್ಲಿ.

ಪೀಠದ ಸುತ್ತ ಇಪ್ಪತ್ತು ತಗಡಿನ ಪಟ್ಟಿ,
ಐದರಲ್ಲಿ ಹೆಸರು, ಐದನೆಯದು ನಮ್ಮದು.
ಮುಂದಿನ ಫೆಬ್ರವರಿಯಲ್ಲಿ ಹಲ್ಲುಪುಡಿ ಹಾಕಿ ಉಜ್ಜಿ,
ಬೆಡ್‌ಶೀಟಿನಲ್ಲಿ ಸುತ್ತಿ, ಮಡಿಕೇರಿ ಬಸ್ಸು ಹತ್ತಿದೆ.
ನಿಯಮವೆಂದರೆ ನಿಯಮ.
ಲೀಗಿನ ಆಫೀಸಿದ್ದಲ್ಲಿ ಕೊಡೆ, ರೈನ್‌ಕೋಟಿನ ಅಂಗಡಿ.
‘ಇದನ್ನು ಮರಳಿಸಬೇಕಿತ್ತು’ ಅಂದೆ.
ಹುಡುಗ ಗಂಟಿನ ಕಡೆ ನೋಡದೆಯೇ
ಗೋಡೆಯ ಬೋರ್ಡು ತೋರಿಸಿದ:
ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ.