ಕಾಲು ಮೈಕ್ರೋಗ್ರಾಂ ಬಿಸಿಲು

ಬಿಸಿಲಿಗೇನೂ ಬರವಿಲ್ಲ ಟೌನ್ಸ್‌ವಿಲ್‌ನಲ್ಲಿ.
ಏಳು ಗಂಟೆಗೇ ಕ್ಯಾಸಲ್ ಹಿಲ್‌ನ ಬಂಡೆ ಕಾದು
ರೊಟ್ಟಿ ಬಡಿದು ಹಾಕಬಹುದು, ಹಂಚು ಬೇಡ.
ಐಟ್ಕನ್‌ವೇಲ್ ಶಾಲೆಯ ಮುಂದೆ ಹನ್ನೊಂದು ವರ್ಷ
ಕೆಂಪು ಹಲಗೆ ಎತ್ತಿ ಹಿಡಿದು ಕಾರು ನಿಲ್ಲಿಸಿದವಳು,
ಮಕ್ಕಳನ್ನು ದಾಟಿಸಿದವಳು ನಾನು.
ಟೋಪಿಯ ನೆರಳು ತಲುಪದ ಮುಂಗೈ
ಬೇರೆ ಯಾರದ್ದೋ ಕೈಯಂತೆ ಕಪ್ಪು.

ಅಂಥವಳಿಗೆ ಡಾಕ್ಟರ್ ಮಕ್ರೀಡಿ ಹೇಳುತ್ತಾಳೆ:
ಶಾಂಭವೀ, ನಿನ್ನ ರಕ್ತದಲ್ಲಿ ಬಿಸಿಲು ಸಾಲದು.

ನಕ್ಕುಬಿಟ್ಟೆ.
ರಾಯಚೂರಲ್ಲಿ ಹುಟ್ಟಿದವಳಿಗೆ ಹೇಳುವ ಮಾತೇ ಇದು?
ಮೈಗೆ ಎಣ್ಣೆ ತಿಕ್ಕಿ, ಚಾಚಿದ ಕಾಲ ಮೇಲೆ ಬೋರಲು ಹಾಕಿ
ಎಳೆಬಿಸಿಲಿಗೆ ಬೆನ್ನೊಡ್ಡಿಸಿದ ಅಜ್ಜಿ,
ರಥಸಪ್ತಮಿಗೆ ನೆತ್ತಿಗೊಂದು ಹೆಗಲಿಗೆರಡು
ಎಕ್ಕದೆಲೆ ಇಟ್ಟು ನೀರು ಹೊಯ್ದ ಅವ್ವ
“ಸೂರಪ್ಪ ಕೊಟ್ಟದ್ದು ಯಾರೂ ಕಸಗೊಳ್ಳಾಂಗಿಲ್ಲ” ಅಂದಿದ್ದಳು.

ರಿಪೋರ್ಟಿನ ಬೆನ್ನಿಗೆ ಪೆನ್ನಿನಿಂದ ಗೀಚಿ ತೋರಿಸಿದಳು ಡಾಕ್ಟರು:
ಚರ್ಮ ಬಿಸಿಲನ್ನು ಹಿಡಿಯುತ್ತದೆ,
ಲಿವರ್ ಅದನ್ನು ಅರ್ಧ ಹದ ಮಾಡುತ್ತದೆ,
ಉಳಿದರ್ಧ ಕಿಡ್ನಿಯ ಕೈಯಲ್ಲಿ.
ನನ್ನ ಕಿಡ್ನಿಗೆ ಈಗ ನೂರಕ್ಕೆ ಹದಿನೇಳು ಅಂಕ.

ದೇವರು ವರ ಕೊಟ್ಟರೂ ಪೂಜಾರಿ ಕೊಡ.
ಗಾದೆಯನ್ನು ಇಂಗ್ಲಿಷಿಗೆ ತಿರುಗಿಸಲು ಹೋಗಿ ತೊದಲಿದೆ.
ಆಕೆಗೆ ಅರ್ಥವಾಯಿತೋ ಏನೋ,
“ಪಾಪ, ಬೈಯಬೇಡ,
ಪೂಜಾರಿಗೆ ಹುಷಾರಿಲ್ಲ” ಎಂದಳು.

ಕೊರಳೊಳಗೆ ಅಕ್ಕಿಕಾಳಿನಂಥ ನಾಲ್ಕು ಗ್ರಂಥಿಗಳಂತೆ.
ನನಗೆ ಗೊತ್ತೇ ಇರಲಿಲ್ಲ, ಅರವತ್ತೆರಡು ವರ್ಷ ಬಾಡಿಗೆಗಿದ್ದವು.
ರಕ್ತದಲ್ಲಿ ಸುಣ್ಣ ಕಮ್ಮಿಯಾದರೆ ಅವು ಸುಮ್ಮನಿರುವುದಿಲ್ಲ,
ಎಲುಬಿನ ಗೋಡೆ ಕೆರೆಕೆರೆದು ತರುತ್ತವೆ,
ಮನೆ ನಿಲ್ಲಲೆಂದು ಮನೆಯನ್ನೇ ಒಡೆಯುವ ಆಳುಗಳು.
ಅದಕ್ಕೇ ಇರಬೇಕು,
ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ
ಮೊಣಕಾಲ ಕೆಳಗೆ ಯಾರೋ ಉಗುರಾಡಿಸಿದ ಹಾಗೆ.

ಮದ್ದು ಗುಲಗಂಜಿಯಷ್ಟು, ಒಳಗೆ ಒಂದಿಷ್ಟು ಎಣ್ಣೆ.
ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ
ಅದರಲ್ಲೊಂದರ ಕಾಲು ಭಾಗ.
ಬಂಗಾರ ತೂಗುವವರೂ ಇಷ್ಟು ಜುಗ್ಗರಲ್ಲ.
ಕಿಡ್ನಿ ಮಾಡಬೇಕಿದ್ದ ಕೆಲಸ ಮೊದಲೇ ಮಾಡಿಟ್ಟ ಬಿಸಿಲು,
ಎಲ್ಲೋ ಕಿಟಕಿಯಿಲ್ಲದ ಕಾರ್ಖಾನೆಯಲ್ಲಿ.

ಕ್ಲಿನಿಕ್ಕಿನ ಬೆಂಚಿನಲ್ಲಿ ಪಕ್ಕಕ್ಕೆ ಕೂತ ಸಾಲ್ವತೋರೆ,
ಇಂಗಮ್‌ನಲ್ಲಿ ಕಬ್ಬು ಕಡಿದು ಮುದುಕನಾದವನು,
ಟೋಪಿ ತೆಗೆದು ಎಡಗಿವಿ ತೋರಿಸಿದ.
ಮೇಲಿನರ್ಧ ಇಲ್ಲ. ಚರ್ಮದ ಕ್ಯಾನ್ಸರು, ಕತ್ತರಿಸಿದರು.
“ಇಸಕೊಂಡದ್ದು ಕಿವಿ,” ಎಂದ.
ಜೇಬಿಂದ ಮಾತ್ರೆಯ ಪಟ್ಟಿ ತೆಗೆದು ಕುಲುಕಿದ:
“ಎಪ್ಪತ್ತು ವರ್ಷಕ್ಕೆ ಬಡ್ಡಿ ಇಷ್ಟು.”
ಇಬ್ಬರೂ ನಕ್ಕೆವು. ಅವನಿಗೆ ಕೆಮ್ಮು ಬಂತು.

ಶಾಲೆಯವರು ನನಗೊಂದು ಮಡಚುವ ಕುರ್ಚಿ ಕೊಟ್ಟಿದ್ದಾರೆ.
ಟೋಪಿಯಿಲ್ಲದವರಿಗೆ ಇಲ್ಲಿ ಆಟವಿಲ್ಲ, ಅದು ನಿಯಮ.
ಟೋಪಿ ಮರೆತು ಬಂದ ಎರಡನೇ ಕ್ಲಾಸಿನ ಜಾರಾ
ನನ್ನ ನೆರಳಲ್ಲಿ ನಿಂತು ಕೇಳುತ್ತಾಳೆ:
ನಿನಗೆ ಬಿಸಿಲು ಅಂದರೆ ಭಯ ಇಲ್ವಾ?
ಇಲ್ಲ ಪುಟ್ಟಾ, ನಾವಿಬ್ಬರೂ ಮಾತು ಬಿಟ್ಟಿದ್ದೇವೆ ಅಷ್ಟೆ.

ಮೂರು ತಿಂಗಳಿಗೆ ಕಾಲಿನ ನೋವು ಸ್ವಲ್ಪ ಹಿಂದೆ ಸರಿಯಿತು.
ರಕ್ತದಲ್ಲಿ ಸುಣ್ಣ ಮಾತ್ರ ಗೆರೆ ದಾಟಿತು.
ಹೆಚ್ಚಾದರೂ ಕಷ್ಟ, ರಕ್ತನಾಳಕ್ಕೇ ಗಾರೆ ಮೆತ್ತುತ್ತದಂತೆ.
ಡಾಕ್ಟರು ಚೀಟಿ ತಿದ್ದಿದಳು:
ಸೋಮ, ಬುಧ, ಶುಕ್ರ.

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದೇನೆ.
ಹೊರಗೆ ಮಾವಿನ ಮರದ ಎಲೆಯೆಲ್ಲ ಹೊಳೆಯುತ್ತಿದೆ,
ಒಗೆದ ಸೀರೆ ಹತ್ತೇ ನಿಮಿಷಕ್ಕೆ ಗರಿಗರಿ.
ಒಳಗೆ, ನನ್ನ ಪಂಚಾಂಗದಲ್ಲಿ,
ಭಾನುವಾರ ಭಾನು ಇಲ್ಲ.