ತಾಮ್ರದ ವಾಷರ್

ಹನಿ ಬಿದ್ದ ಜಾಗ ಸೋರಿದ ಜಾಗ ಅಲ್ಲ.
ಇಪ್ಪತ್ತೆರಡು ವರ್ಷ ಮುಳಗುಂದ ನಾಕಾದಾಗ
ಈ ಮಾತು ಹುಡುಗರಿಗೆ ಹೇಳಿಕೋಂತ ಬಂದಾಂವ ನಾ.
ಹೇಳೂದು ಬ್ಯಾರೆ.

ಗಾಡಿ ಪ್ರಫುಲ್ಲಾ ಹೊಂಬಳದು.
ಕಪ್ಪತಗುಡ್ಡದ ಗಾಳಿ ಫ್ಯಾನಿನ ಕಂಪನ್ಯಾಗ ಕೆಲಸ,
ಎಂಬತ್ತು ಮೀಟರ್ ಏಣಿ ಹತ್ತಿ ಬೋಲ್ಟ್ ಬಿಗಿಯಾಕಿ.
"ಕ್ಲಚ್ ಹತ್ತಿಯಂಗ ಮೆತ್ತಗ ಆಗೇತಿ ಅಣ್ಣಾ," ಅಂದ್ಲು,
"ಹಿಡದ್ರ ಹಿಡದಂಗ ಅನಸವಲ್ದು.
ಡೋಣಿ ತಿರುವಿನಾಗ ನ್ಯೂಟ್ರಲ್ ಸಿಗದಽ
ಎಮ್ಮಿ ಹಿಂಡಿನ ನಡುವ ಹಲ್ಲು ಕಡಕೋಂತ ನಿಂತಿತ್ತು."

ಸ್ಪ್ರಾಕೆಟ್ ಕವರಿನ ತಳದಾಗ ಒಂದು ಹನಿ.
ಜೇನಿನ ಬಣ್ಣ, ಜೇನಲ್ಲ.
ಬಿದ್ದಲ್ಲೆಲ್ಲಾ ಪೇಂಟ್ ಗುಳ್ಳಿ ಎದ್ದಿತ್ತು.
ಕೆಳಗಿನ ಸಿಲಿಂಡರ್ ಬಿಚ್ಚಿದಾಂವ ಗುದ್ನೆಪ್ಪ,
ಹೊಸಾ ಸೀಲ್ ಕುಂದ್ರಿಸಿದಾಂವ ಗುದ್ನೆಪ್ಪ.
ನಾಕನೇ ದಿನಕ್ಕ ಅಕಿ ಮತ್ತ ಬಂದ್ಲು.
ಅದಽ ಹನಿ.

ಗಿರಾಕಿ ಮುಂದಽ ಅಂದುಬಿಟ್ಟೆ:
"ಒಂದು ಸೀಲ್ ನೆಟ್ಟಗ ಕುಂದ್ರಸಾಕ ಬರೂದಿಲ್ಲ,
ಬೋರ್ಡಿನ ಮ್ಯಾಲ ಮಾತ್ರ ನಿನ್ನ ಹೆಸರು ಬೇಕು."
ಪಾನಾ ಕೆಳಗ ಇಟ್ಟ. ಸಪ್ಪಳ ಆಗದಂಗ ಇಟ್ಟ.
ಅಲ್ಲಿಂದ ಹನ್ನೊಂದು ದಿನ
ಒಂದಽ ಟ್ಯೂಬ್‌ಲೈಟಿನ ಕೆಳಗ ಇಬ್ಬರು,
ಚಾದ ಹುಡುಗನ ಕೈಲೆ ಮಾತು ಕಳಿಸ್ತಿದ್ವಿ:
"ಹದಿನಾಲ್ಕರ ಪಾನಾ ಎಲ್ಲೈತಿ, ಕೇಳು ಅವಗ."

ನಿನ್ನಿ ರಾತ್ರಿ ಒಬ್ಬನಽ ಕುಂತೆ.
ನೀರಿಲೆ ತೊಳದು, ಅರಿವಿಲೆ ಒರಸಿ,
ಲಿವರ್ ಎಳದು ಸೈಕಲ್ ಟ್ಯೂಬಿಲೆ ಕಟ್ಟಿ,
ಹ್ಯಾಂಡಲ್‌ನಿಂದ ತಳದ ತನಕ
ಮೊಮ್ಮಗಳ ಪೌಡರ್ ಡಬ್ಬಿ ಝಾಡಿಸಿದೆ.
ಎರಕೊಂಡ ಕೂಸಿನಂಗ ಬೆಳ್ಳಗ ನಿಂತಿತು ಗಾಡಿ.
ಮುಂಜಾನೆ ನೋಡಿದ್ರ
ಪೌಡರಿನಾಗ ಒಂದು ಒದ್ದಿ ಗೆರಿ,
ಇರಿವಿ ಸಾಲಿನಂಗ ಪೈಪಿನ ಬೆನ್ನು ಹಿಡದು
ಮ್ಯಾಲಿಂದ ಇಳದಿತ್ತು,
ಲಿವರಿನ ಹಂತ್ಯಾಕ, ಬ್ಯಾಂಜೊ ಬೋಲ್ಟಿನ ಬುಡದಿಂದ.

ಬಿಚ್ಚಿದೆ. ಉಗುರಗಲದ ತಾಮ್ರದ ವಾಷರ್.
ಒಮ್ಮೆ ಅದುಮಿಸಿಕೊಂಡು ಬಿರುಸಾದದ್ದು,
ಎರಡನೇ ಸಲ ಬಗ್ಗೂದಿಲ್ಲ ಅಂತ ಹಟ ಹಿಡದದ್ದು.
ದೀಪಾವಳಿ ಮುಂದ ಪೈಪ್ ಬದಲ ಮಾಡಿದಾಗ
ಹದಿನೆಂಟು ರೂಪಾಯಿ ಉಳೀಲಿ ಅಂತ
ಹಳೇದನ್ನಽ ತಿರುವಿ ಹಾಕಿದಾಂವ ಯಾಂವ?
ಗುದ್ನೆಪ್ಪ ಆವತ್ತ ಲಗ್ನಕ್ಕಂತ ರೋಣಕ್ಕ ಹೋಗಿದ್ದ.

ಹೊಸಾ ವಾಷರ್ ಹಾಕಾಕ ಐದು ನಿಮಿಷ.
ಗಾಳಿ ತಗಿಯೂದು ಒಬ್ಬನ ಕೈಲೆ ನೀಗೂದಲ್ಲ:
ಒಬ್ಬಾಂವ ಮ್ಯಾಲ ಲಿವರಿಗೆ,
ಒಬ್ಬಾಂವ ಕೆಳಗ ನಿಪ್ಪಲ್ಲಿಗೆ.
ಚಾದ ಹುಡುಗ ಇರಲಿಲ್ಲ.
ಗುದ್ನೆಪ್ಪ ತಾನಽ ಬಂದು ಹ್ಯಾಂಡಲ್ ಹಿಡದ.

"ಒತ್ತು."
"ಹಿಡಿ."
ಕಾಲು ಸುತ್ತು ಬಿಚ್ಚಿದೆ. ಪ್ಲಾಸ್ಟಿಕ್ ನಳಿಗ್ಯಾಗ
ಗುಳ್ಳಿ, ಗುಳ್ಳಿ, ಮತ್ತ ಗುಳ್ಳಿ. ಬಿಗಿದೆ.
"ಬಿಡು."
ಹನ್ನೊಂದು ದಿನದ ಮ್ಯಾಲ ನಮ್ಮ ನಡುವ
ಮೂರು ಶಬ್ದ ಓಡಾಡಿದ್ವು.

ಪ್ರಫುಲ್ಲಾ ಮ್ಯಾಲಿನ ಡಬ್ಬ್ಯಾಗ ಆಯಿಲ್ ಹನಿಸಿಕೋಂತ ಅಂದ್ಲು,
"ಗುಡ್ಡದ ಮ್ಯಾಲ ಗಾಳಿ ಬಿಟ್ರ ನಮಗ ಪಗಾರ,
ಇಲ್ಲೊಂದು ಸಾಸಿವಿಯಷ್ಟು ಹೊಕ್ಕರ ನಡಕೋಂತ ಡ್ಯೂಟಿಗೆ."
ಯಾರೂ ನಗಲಿಲ್ಲ. ಅಕಿ ಒಬ್ಬಾಕಿನಽ ನಕ್ಕಳು.

ಒಂಬತ್ತನೇ ಸಲ "ಹಿಡಿ" ಅಂದಾಂವ
ನಿಪ್ಪಲ್ ಬಿಚ್ಚಿ ಹಂಗಽ ಕುಂತೆ.
ಈಗ ಬಿಟ್ರ ಹೋದ ಗಾಳಿ ತಿರುಗಿ ಒಳಗ ಬರತೈತಿ.
ಅವಗೂ ಗೊತ್ತು. ಹಿಡಕೊಂಡು ನಿಂತಿದ್ದ.
ಕೆಳಗಿಂದಽ ಅಂದೆ, ಇಂಜಿನ್ನಿಗೆ ಅಂದಂಗ:
"ಸೀಲ್ ಚೊಲೋ ಇತ್ತು. ವಾಷರ್ ನಂದು. ಹಳೇದು."

ಮ್ಯಾಲಿಂದ ಏನೂ ಬರಲಿಲ್ಲ.
ನಳಿಗ್ಯಾಗ ಒಂದು ಸಣ್ಣ ಗುಳ್ಳಿ
ಏರಬೇಕೋ ಇಳೀಬೇಕೋ ತಿಳೀದಽ ನಿಂತಿತು.
"ಕೈ ಜೋಮು ಹಿಡ್ಯಾಕತ್ತೇತಿ," ಅಂದ ಗುದ್ನೆಪ್ಪ,
"ಮೊದಲ ಬಿಗಿ ಮಾಡು."

ಬಿಗಿದೆ.
"ಬಿಡು" ಅನ್ನೂದು ಮರತೆ.
ಅಂವ ಹಿಡಕೊಂಡಽ ನಿಂತಿದ್ದ.