ಒಲೆ ಹೇಗೂ ಕಾದಿದೆ

ಮಂಗಳವಾರ, ಗುರುವಾರ, ಸಂಜೆ ಆರೂವರೆ.
ಕೊಠಡಿ ಇನ್ನೂರ ಹದಿನಾಲ್ಕು.
ತೊಳೆದರೂ ಹೋಗದ ಬೆರಳ ಸಂದಿನ ಹಿಟ್ಟು
ನೋಟುಬುಕ್ಕಿನ ಅಂಚಿಗೆ ಮೆತ್ತುತ್ತದೆ.
ವ್ಯಾಪಾರ ಓದುವವರ ಕ್ಯಾಲ್ಕುಲಸ್ ಇದು,
ಸೈನು ಕೊಸೈನು ಇಲ್ಲ, ಹೆದರಬೇಡಿ,
ಎಂದರು ಮೊದಲ ದಿನ ವ್ರೋನಾ ಮೇಷ್ಟ್ರು.
ಮೂರು ಕಾಲೇಜಿಗೆ ಪಾಠ ಹಂಚುವ ಮನುಷ್ಯ,
ಕಾರಿನ ಹಿಂದಿನ ಸೀಟೇ ಅವರ ಆಫೀಸು.
ಹೆದರಬೇಡಿ ಅಂದಮೇಲೇ ನನಗೆ ಹೆದರಿಕೆಯಾದದ್ದು.

ಒದಿಲಿಯಾ ಫುರ್ಟಾಡೊ, ನಲವತ್ತಾರು.
ಎಡಕ್ಕೆ ಸೋಖಾ, ಹತ್ತೊಂಬತ್ತು,
ಕಾಂಬೋಡಿಯದಿಂದ ಬಂದ ಅಜ್ಜನ
ಡೋನಟ್ ಅಂಗಡಿಗೆ ವಾರಸುದಾರ.
ಬಲಕ್ಕೆ ಕಿಟಕಿ. ಕಿಟಕಿಯಾಚೆ ಫಾಲ್ ರಿವರ್,
ಎಂದೋ ನೂಲು ಬಿಟ್ಟ ಕಲ್ಲಿನ ಗಿರಣಿ,
ಅದರ ಹೊಟ್ಟೆಯೊಳಗೆ ಈಗ ಬಾಡಿಗೆ ಮನೆಗಳು.

ಸೀಮಾಂತ ವೆಚ್ಚ, ಎಂದು ಬೋರ್ಡಿನ ಮೇಲೆ ಬರೆದರು.
ನೂರು ಮಾಡಿದ್ದೀರಿ. ನೂರಾ ಒಂದನೆಯದಕ್ಕೆ ಎಷ್ಟು ಬಿತ್ತು?
ಒಟ್ಟು ಕೇಳುತ್ತಿಲ್ಲ, ಸರಾಸರಿ ಕೇಳುತ್ತಿಲ್ಲ,
ಇನ್ನೊಂದಕ್ಕೆ ಎಷ್ಟು, ಅಷ್ಟೇ.

ಇದು ನನಗೆ ಗೊತ್ತು.
ಹದಿನಾರರಲ್ಲೇ ಈ ಪಾಠ ಆಗಿದೆ.
ಒಲೆ ಹೇಗೂ ಕಾದಿದೆ, ಅನ್ನುತ್ತಿದ್ದಳು ಅಮ್ಮ,
ಇನ್ನೊಂದು ತಟ್ಟೆ ಹಾಕು, ಹಿಟ್ಟಿನ ಖರ್ಚಷ್ಟೇ.
ಅಸೋರಿಸ್ ದ್ವೀಪದ ಪೋರ್ಚುಗೀಸಿನಲ್ಲಿ
ಆ ಮಾತಿಗೆ ಉಪ್ಪುಗಾಳಿಯ ಒರಟಿತ್ತು,
ಎದುರಾಡಲು ಜಾಗವಿರಲಿಲ್ಲ.

ಬೆಳಗಿನ ಜಾವ ಮೂರಕ್ಕೆ ಇನ್ನೊಂದು ತಟ್ಟೆ.
ಈಸ್ಟರಿಗೆ, ನಡುವೆ ಮೊಟ್ಟೆ ಹುದುಗಿಸಿದ ಸಿಹಿ ಬ್ರೆಡ್ಡು,
ಇನ್ನೊಂದು ತಟ್ಟೆ.
ಶಾಲೆ ಎಲ್ಲಿ ಓಡಿಹೋಗುತ್ತದೆ, ಇವತ್ತೊಂದು ದಿನ ನಿಲ್ಲು.
ಒಂದೊಂದೂ ಅಗ್ಗ.
ಬೇಡ ಅನ್ನಲು ಕಾರಣವೇ ಸಿಗದಷ್ಟು ಅಗ್ಗ.

ಮೊದಲ ಪರೀಕ್ಷೆ: ಐವತ್ತೆಂಟು.
ಭಾಗಾಕಾರದ ಸೂತ್ರದಲ್ಲಿ ಮೇಲಿನದು ಕೆಳಗಾಗಿ
ಬೇಕರಿಯನ್ನು ಮೈನಸ್ ನಲವತ್ತು ಬ್ರೆಡ್ಡಿಗೆ ಇಳಿಸಿದ್ದೆ.

ಅಕ್ಟೋಬರಿನಲ್ಲಿ ಲಾಭದ ಗುಡ್ಡ ಹತ್ತಿದೆವು.
ನೆತ್ತಿಯಲ್ಲಿ ರೇಖೆ ಒಂದು ಗಳಿಗೆ ಚಪ್ಪಟೆ,
ಏರೂ ಇಲ್ಲ, ಇಳಿವೂ ಇಲ್ಲ, ಅಲ್ಲಿ ನಿಲ್ಲಿಸಬೇಕು.
ಸೋಖಾ ಕೈಯೆತ್ತಿದ: ಮಂಜು ಕವಿದಿದ್ದರೆ, ಸರ್,
ನೆತ್ತಿ ಬಂತು ಅಂತ ನಡೆಯುವವನಿಗೆ ಗೊತ್ತಾಗೋದು ಹೇಗೆ?
ಕಾಲಿಗೆ ಗೊತ್ತಾಗುತ್ತೆ, ಎಂದರು ಮೇಷ್ಟ್ರು.
ಆಮೇಲೆ, ತಮ್ಮ ಮಾತನ್ನೇ ಅನುಮಾನಿಸಿದವರ ಹಾಗೆ,
ಎರಡನೆಯ ಅವಕಲನ ತೆಗೆದು ನೋಡಿ, ಎಂದರು.

ನವೆಂಬರ್. ಗಡಿಯಾರ ಒಂದು ಗಂಟೆ ಹಿಂದೆ ಸರಿದು
ತರಗತಿಗಿಂತ ಮೊದಲೇ ಕತ್ತಲೆ ಬಂದು ಕೂತಿರುತ್ತದೆ.
ಬಿಡಿಸಿದ್ದು ಸಾಕು, ಕೂಡಿಸೋಣ, ಎಂದರು.
ರೇಖೆಯ ಕೆಳಗೆ ಕಡ್ಡಿಯಗಲದ ಪಟ್ಟಿಗಳು,
ಒಂದರ ಪಕ್ಕ ಒಂದು, ಒಂದರ ಪಕ್ಕ ಒಂದು,
ಯಾವುದೂ ಲೆಕ್ಕಕ್ಕೆ ಬರುವಂಥದ್ದಲ್ಲ,
ಎಲ್ಲ ಸೇರಿದರೆ, ಒಟ್ಟು.

ಪೆನ್ಸಿಲ್ಲು ನಿಂತಿತು.
ಮೂವತ್ತು ವರ್ಷ. ತಟ್ಟೆಯ ಪಕ್ಕ ತಟ್ಟೆ.
ಅಮ್ಮ ಸುಳ್ಳು ಹೇಳಿರಲಿಲ್ಲ, ಪ್ರತಿ ಸಲವೂ ಅವಳ ಲೆಕ್ಕ ಸರಿ.
ಕೂಡಿಸಿ ನೋಡುವುದು ಮಾತ್ರ
ನಮ್ಮ ಮನೆಯಲ್ಲಿ ರೂಢಿಯಿರಲಿಲ್ಲ.

ಅವತ್ತಿನ ಕಿರುಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು.
ಖಾಲಿ ಜಾಗಕ್ಕೆ ಕೆಂಪು ಸುತ್ತು: ಪ್ಲಸ್ ಸಿ ಎಲ್ಲಿ?
ಏರನ್ನು ಹಿಡಿದು ಹಿಂದಕ್ಕೆ ಹೋದರೆ
ದಾರಿಯ ಆಕಾರ ಸಿಗುತ್ತದೆ,
ಎಲ್ಲಿಂದ ಹೊರಟಿರಿ ಎಂಬುದು ಸಿಗುವುದಿಲ್ಲ,
ಅದನ್ನು ಬೇರೆ ಯಾರಾದರೂ ಹೇಳಬೇಕು.

ಭಾನುವಾರ ಅಮ್ಮನನ್ನು ಕೇಳಿದೆ.
ಮೊದಲ ಒಲೆಗೆ ಎಷ್ಟು ಕೊಟ್ಟೆ, ನಾನು ಹುಟ್ಟುವ ಮೊದಲು?
ಬೀನ್ಸ್ ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ,
ಕಿವಿ ಮುಟ್ಟಿಕೊಂಡಳು.
ಓಲೆ ಇಲ್ಲದ ಕಿವಿ, ತೂತು ಯಾವಾಗಲೋ ಮುಚ್ಚಿದೆ.
ಯಾಕೆ, ಅಂದಳು, ನಿನ್ನ ಪರೀಕ್ಷೆಯಲ್ಲಿ ಬರುತ್ತಾ?

ಕೊನೆಯ ಗುರುವಾರ ಬಸ್ ಸ್ಟಾಪಿನಲ್ಲಿ
ಸೋಖಾ ಡಬ್ಬಿ ಚಾಚಿದ, ರಾತ್ರಿಗೆ ಉಳಿದ ಡೋನಟ್ಟು.
ಒಂದು ತಿಂದೆ. ದಾಲ್ಚಿನ್ನಿ ಚೆನ್ನಾಗಿ ಹಿಡಿದಿತ್ತು.
ಇನ್ನೊಂದು ತಗೊಳ್ಳಿ, ಹೇಗೂ ಎಸೆಯೋದೇ, ಅಂದ.
ಹಸಿವಿತ್ತು. ಬಸ್ಸು ಇನ್ನೂ ಬಂದಿರಲಿಲ್ಲ.
ಬೇಡ, ಅಂದೆ.
ಹೇಗಿರುತ್ತದೆ ನೋಡೋಣ ಅಂತ, ಅಷ್ಟೇ.